ದಾಕ್ಷಿಣ್ಯಕ್ಕೆ ಗುಣವಾದವಳು

ನನ್ನ ಕಾಯಿಲೆ ಪೂರ್ತಿ ವಾಸಿಯಾಗಿದೆ ಎಂದು ಒಂದು ಆಸ್ಪತ್ರೆಯ ಸಂಶೋಧನಾ ವರದಿಯಲ್ಲಿ ಅಚ್ಚಾಗಿದೆ. ಅದರಲ್ಲಿ ನನ್ನ ಹೆಸರಿಲ್ಲ, ಒಂದು ನಂಬರ್ ಇದೆ. ಆ ನಂಬರಿನವಳು ಆರು ತಿಂಗಳಲ್ಲಿ ಹಂತ ಹಂತವಾಗಿ ಚೇತರಿಸಿಕೊಂಡು ಈಗ ಲವಲವಿಕೆಯಿಂದ ಓಡಾಡಿಕೊಂಡಿದ್ದಾಳೆ. ಅವಳನ್ನು ನೆನೆಸಿಕೊಂಡರೆ ನನಗೆ ಹೊಟ್ಟೆಕಿಚ್ಚು. ನಾನಂತೂ ಇದನ್ನು ಮಲಗಿಕೊಂಡೇ ಬರೆಯುತ್ತಿದ್ದೇನೆ, ದಿನಕ್ಕೆ ಅರ್ಧ ಪುಟದ ಲೆಕ್ಕದಲ್ಲಿ.

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇಪ್ಪತ್ತೆರಡು ವರ್ಷ ಒಂದೇ ಸ್ಕೂಲು. ಮೂರು ವರ್ಷದ ಹಿಂದೆ ಊರಿಗೆಲ್ಲ ಬಂದ ಹಾಗೆ ನನಗೂ ಒಂದು ಜ್ವರ ಬಂತು. ಜ್ವರ ವಾರದಲ್ಲಿ ಬಿಟ್ಟಿತು, ಜೊತೆಗೆ ಬಂದ ಸುಸ್ತು ಮಾತ್ರ ಬಿಡಲಿಲ್ಲ. ಸುಸ್ತು ಎಂದರೆ ನಿಮಗೆ ಅರ್ಥವಾಗಿಬಿಡುತ್ತದೆ, ಅದೇ ತೊಂದರೆ. ಎಲ್ಲರಿಗೂ ಗೊತ್ತಿರುವ ಪದ ಅದು. ನನ್ನದು ಬೇರೆ ಜಾತಿ. ಇವತ್ತು ನಾಲ್ಕು ಪೀರಿಯಡ್ ನಿಂತು ಪಾಠ ಮಾಡಿದರೆ ಇವತ್ತು ಏನೂ ಆಗುವುದಿಲ್ಲ, ನಾಳೆ ಸಾಯಂಕಾಲದವರೆಗೂ ಏನೂ ಆಗುವುದಿಲ್ಲ. ನಾಳಿದ್ದು ಹಲ್ಲುಜ್ಜುವ ಬ್ರಷ್ ಎತ್ತಲಾಗುವುದಿಲ್ಲ. ಬೆಳಕು ಕಂಡರೆ ಕಣ್ಣು ಚುಚ್ಚುತ್ತದೆ, ಪಕ್ಕದ ಮನೆಯ ಮಿಕ್ಸಿ ತಲೆಯೊಳಗೇ ತಿರುಗುತ್ತದೆ, ಗೊತ್ತಿರುವ ಮಾತುಗಳೂ ಬಾಯಿಗೆ ಬರುವುದಿಲ್ಲ. ಹಾಗೆ ಮೂರು ದಿನ, ಕೆಲವು ಸಲ ಐದು ದಿನ.

ರಕ್ತ ಕೊಟ್ಟೆ, ಸ್ಕ್ಯಾನ್ ಮಾಡಿಸಿದೆ. ಎಲ್ಲವೂ ನಾರ್ಮಲ್. ಇಷ್ಟು ಒಳ್ಳೆಯ ರಿಪೋರ್ಟಿನ ರೋಗಿಯನ್ನು ನೋಡೇ ಇಲ್ಲ ಎಂದು ಒಬ್ಬ ಡಾಕ್ಟರು ಅಭಿನಂದಿಸಿದರು. ಆಮೇಲೆ ನಮ್ಮ ಜೆಪಿ ನಗರದ ಬೀದಿ ನನ್ನ ಚಿಕಿತ್ಸೆಯನ್ನು ಕೈಗೆತ್ತಿಕೊಂಡಿತು. ಬಿ ಟ್ವೆಲ್ವ್, ಎಳನೀರು, ನುಗ್ಗೆಸೊಪ್ಪು, ಅಶ್ವಗಂಧ. ಎಲ್ಲಕ್ಕಿಂತ ಹೆಚ್ಚಾಗಿ ವಾಕಿಂಗ್. ನಮ್ಮ ಕಡೆ ವಾಕಿಂಗ್ ಹೋಗಿ ಎನ್ನುವುದು ಸಲಹೆಯಲ್ಲ, ನಮಸ್ಕಾರದ ಒಂದು ಬಗೆ. ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಸುತ್ತು ಹಾಕದವರು ನಾಗರಿಕರೇ ಅಲ್ಲ.

ಮನೆಯಲ್ಲಿ ಇರುವವರು ನಾನು ಮತ್ತು ನಮ್ಮ ಅತ್ತೆ. ನಮ್ಮವರಿಗೆ ಮೈಸೂರಿನಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಅತ್ತೆಗೆ ಎಪ್ಪತ್ತೆಂಟು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಅವಮಾನ ಎಂದುಕೊಂಡಿರುವವರು. ನನ್ನ ಕಾಯಿಲೆಯ ಬಗ್ಗೆ ಅವರ ತೀರ್ಪು ಮೊದಲ ತಿಂಗಳಲ್ಲೇ ಹೊರಬಿದ್ದಿತ್ತು.

“ನಮ್ ಕಾಲದಲ್ಲಿ ಸುಸ್ತು ಅನ್ನೋದು ಕಾಯಿಲೆ ಆಗಿರ್ಲಿಲ್ಲಮ್ಮ. ಸಾಯಂಕಾಲ ಆಗಿತ್ತು.”

ಬಂದವರಿಗೆಲ್ಲ ಅವರು ನನ್ನ ಬಗ್ಗೆ ಒಂದೇ ಪದದಲ್ಲಿ ಹೇಳಿ ಮುಗಿಸುತ್ತಿದ್ದರು. ಸೋಮಾರಿ. ರೂಮಿನ ಬಾಗಿಲು ಮುಚ್ಚಿದ್ದರೂ ನನಗೆ ಕೇಳಿಸುತ್ತಿತ್ತು. ಎದ್ದು ಬಂದು ಜಗಳ ಆಡೋಣ ಎಂದರೆ ಏಳಲು ಆಗಬೇಕಲ್ಲ.

ಇಷ್ಟೆಲ್ಲದರ ನಡುವೆ ನನಗೆ ಬೇಕಾಗಿದ್ದು ಒಂದೇ ಒಂದು ಕಾಗದ. ಸ್ಕೂಲಿನಲ್ಲಿ ನಾನು ಅರ್ಧ ದಿನದ ಕೆಲಸ ಕೇಳಿದ್ದೆ. ಮಧ್ಯಾಹ್ನದವರೆಗೆ, ನೆಲ ಅಂತಸ್ತಿನ ಲ್ಯಾಬಿನಲ್ಲಿ, ಕುರ್ಚಿಯ ಮೇಲೆ ಕೂತು. ಹೆಡ್‌ಮಿಸ್ ಒಳ್ಳೆಯವರು, ಆದರೆ ಮೇಲೆ ಮ್ಯಾನೇಜ್‌ಮೆಂಟ್ ಇದೆ, ಅದಕ್ಕೆ ಫೈಲ್ ಇದೆ, ಫೈಲಿಗೆ ಹಸಿವು. ಸ್ಪೆಷಲಿಸ್ಟ್ ಡಾಕ್ಟರಿಂದ ಪತ್ರ ತನ್ನಿ, ಇಲ್ಲದಿದ್ದರೆ ಜೂನಿನಿಂದ ಪೂರ್ತಿ ಟೈಮ್‌ಟೇಬಲ್, ಮೂರನೇ ಮಹಡಿ, ಆರು ಪೀರಿಯಡ್ ಎಂದರು. ಅದು ನನ್ನಿಂದ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಂದರೆ ರಾಜೀನಾಮೆ. ಪಾಠ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಹಾಡು ಬರುವುದಿಲ್ಲ, ರಂಗೋಲಿ ಬರುವುದಿಲ್ಲ. ಹದಿನಾಲ್ಕು ವರ್ಷದ ಮಕ್ಕಳ ಎದುರು ಒಂದು ಮೇಣದಬತ್ತಿ, ಒಂದು ಮಸೂರ ಇಟ್ಟರೆ ನಾನು ಮನುಷ್ಯಳಾಗುತ್ತೇನೆ. ಅದನ್ನು ಕಳೆದುಕೊಳ್ಳುವ ಭಯದಲ್ಲಿ ಆ ಬೇಸಿಗೆಯೆಲ್ಲ ನನಗೆ ಊಟ ಸೇರಲಿಲ್ಲ.

ಕನಕಪುರ ರಸ್ತೆಯಲ್ಲಿ ತಲಘಟ್ಟಪುರದ ಹತ್ತಿರ ಒಂದು ದೊಡ್ಡ ಆಸ್ಪತ್ರೆಯಲ್ಲಿ ಈ ಸುಸ್ತಿಗೆಂದೇ ಒಂದು ವಿಭಾಗ ತೆರೆದಿದ್ದಾರೆ ಎಂದು ಯಾರೋ ಹೇಳಿದರು. ಹೋದೆ. ಅಲ್ಲಿನ ಮುಖ್ಯ ಡಾಕ್ಟರು ನಗುಮುಖದವರು. ನಾನು ಹೇಳಿದ್ದನ್ನೆಲ್ಲ ಹೂಂ ಹೂಂ ಎಂದು ಕೇಳಿ, ಇದಕ್ಕಾಗಿಯೇ ನಮ್ಮಲ್ಲಿ ಒಂದು ಅಧ್ಯಯನ ನಡೀತಿದೆ, ಸೇರಿಕೊಳ್ಳಿ, ಆರು ತಿಂಗಳಾದ ಮೇಲೆ ನಿಮ್ಮ ಪತ್ರ ನಮ್ಮ ಜವಾಬ್ದಾರಿ ಎಂದರು. ಸ್ಕೂಲಿನಲ್ಲಿ ಅಷ್ಟು ದಿನ ರಜೆ ಕೇಳಿಕೊಂಡು ಸೇರಿದೆ.

ರಿಜಿಸ್ಟ್ರೇಷನ್ನಿಗೆ ಹೋದರೆ ಅಲ್ಲಿ ಲ್ಯಾಪ್‌ಟಾಪಿನ ಹಿಂದೆ ಕೂತಿದ್ದ ಹೆಣ್ಣುಮಗಳು ಎದ್ದು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನನ್ನ ಹಳೇ ವಿದ್ಯಾರ್ಥಿನಿ. ಹತ್ತನೇ ಕ್ಲಾಸಿನಲ್ಲಿ ಮುಂದಿನ ಬೆಂಚು. ಈಗ ಮೂವತ್ತರ ಆಸುಪಾಸು, ಬಿಟಿಎಂ ಲೇಔಟಿನಲ್ಲಿ ಪಿಜಿಯಲ್ಲಿದ್ದುಕೊಂಡು ಇದೇ ಡಾಕ್ಟರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಈ ಅಧ್ಯಯನವೇ ಅವಳ ಥೀಸಿಸ್. ಆ ಕ್ಷಣದಲ್ಲೇ ನನ್ನ ಹಣೆಬರಹ ತೀರ್ಮಾನವಾಯಿತು, ನನಗೆ ಗೊತ್ತಾಗಲಿಲ್ಲ ಅಷ್ಟೆ.

ಚಿಕಿತ್ಸೆಯಲ್ಲಿ ಎರಡು ಭಾಗ. ಒಂದು, ದಿನಾ ನಡೆಯುವುದು, ವಾರಕ್ಕೊಮ್ಮೆ ಐದು ನಿಮಿಷ ಹೆಚ್ಚಿಸುವುದು. ಅಂದರೆ ನಮ್ಮ ಬೀದಿಯವರು ಬಿಟ್ಟಿಯಾಗಿ ಹೇಳಿದ್ದನ್ನೇ ಇಲ್ಲಿ ಕೋಟು ಹಾಕಿಕೊಂಡು ಹೇಳುತ್ತಿದ್ದರು. ಎರಡು, ಕೌನ್ಸೆಲಿಂಗ್. ನನಗೆ ಕಾಯಿಲೆ ಇದೆ ಎಂಬ ನನ್ನ ನಂಬಿಕೆಯೇ ನನ್ನ ಕಾಯಿಲೆ ಎಂದು ಅಲ್ಲಿ ತಿಳಿಸಿಕೊಟ್ಟರು. ನಡೆದ ಎರಡು ದಿನಕ್ಕೆ ಬಿದ್ದುಹೋಗುತ್ತೇನಲ್ಲ ಎಂದು ಕೇಳಿದರೆ, ಬಿದ್ದುಹೋಗುತ್ತೇನೆ ಎಂದು ಹೆದರುವುದರಿಂದ ಬೀಳುತ್ತೀರಿ ಎಂಬ ಉತ್ತರ. ಮೈಯೆಲ್ಲ ಉರಿದುಹೋಯಿತು. ಆದರೆ ಪತ್ರ ಬೇಕಿತ್ತು, ಬಾಯಿ ಮುಚ್ಚಿಕೊಂಡೆ.

ಎರಡು ವಾರಕ್ಕೊಮ್ಮೆ ಹೋಗಿ ಫಾರಂ ತುಂಬಬೇಕು. ಹಿಂದಿನ ಸಲಕ್ಕಿಂತ ಹೇಗಿದ್ದೀರಿ? ತುಂಬಾ ಕೆಟ್ಟದಾಗಿ, ಸ್ವಲ್ಪ ಕೆಟ್ಟದಾಗಿ, ಹಾಗೇ ಇದೆ, ಸ್ವಲ್ಪ ಉತ್ತಮ, ತುಂಬಾ ಉತ್ತಮ. ತುಂಬುವಾಗ ಎದುರಿಗೇ ಆ ಹುಡುಗಿ ಕೂತಿರುತ್ತಿದ್ದಳು. ನಾವು ಎಂಥ ಜನ ಎಂದು ಆ ಫಾರಂ ಮಾಡಿದವರಿಗೆ ಗೊತ್ತಿರಲಿಲ್ಲ. ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀನಿ ಎನ್ನುವುದು ನಮ್ಮಲ್ಲಿ ಉತ್ತರವಲ್ಲ, ಮರ್ಯಾದೆ. ಐಸಿಯುನಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡವರೂ ನೋಡಲು ಬಂದವರಿಗೆ ಪರವಾಗಿಲ್ಲ, ನಿಮ್ಮದು ಕಾಫಿ ಆಯ್ತಾ ಎಂದು ಕೇಳುತ್ತಾರೆ. ಅದರ ಮೇಲೆ ಎದುರಿಗಿರುವವಳು ನನ್ನ ಶಿಷ್ಯೆ. ನಾನು ‘ಸ್ವಲ್ಪ ಕೆಟ್ಟದಾಗಿ’ ಕಡೆಗೆ ಪೆನ್ನು ಒಯ್ದರೆ ಅವಳ ಮುಖ ಬಾಡುತ್ತಿತ್ತು. ಗೈಡ್ ಬೈತಾರೆ ಮಿಸ್, ಗ್ರಾಫ್ ಮೇಲಕ್ಕೆ ಹೋಗ್ತಾ ಇಲ್ಲ ಅಂತ, ಎಂದು ಒಂದು ಸಲ ಬಾಯಿಬಿಟ್ಟೇ ಹೇಳಿದಳು. ನನ್ನ ಪೆನ್ನು ತಾನಾಗಿ ಬಲಕ್ಕೆ ಸರಿಯಿತು.

ಗ್ರಾಫ್ ಎಂದಾಗ ನನಗೆ ಒಳಗೇ ಚುರುಕ್ ಎಂದಿತು. ಲ್ಯಾಬಿನಲ್ಲಿ ಮಸೂರದ ಸಂಗಮ ದೂರ ಕಂಡುಹಿಡಿಯುವ ಪ್ರಯೋಗದಲ್ಲಿ ಉತ್ತರ ಮೊದಲು ಬರೆದುಕೊಂಡು, ಅಳತೆಗಳನ್ನು ಆಮೇಲೆ ಹಿಂದಿನಿಂದ ಕೂಡಿಸುವುದನ್ನು ಈ ಮಕ್ಕಳಿಗೆ ಕಲಿಸಿದವಳು ನಾನೇ. ಇನ್ಸ್‌ಪೆಕ್ಷನ್ ಬರುತ್ತಿತ್ತು, ಮಸೂರಗಳು ಗೀಚಿಹೋಗಿದ್ದವು, ಏನು ಮಾಡುವುದು. ಹಾಗಾಗಿ ಆ ಹುಡುಗಿಯನ್ನು ಬೈಯುವ ಬಾಯಿ ನನಗಿರಲಿಲ್ಲ.

ವೇಟಿಂಗ್ ಹಾಲಿನಲ್ಲಿ ಉತ್ತರಹಳ್ಳಿಯ ಬಟ್ಟೆ ಅಂಗಡಿಯವರೊಬ್ಬರು ಸಿಗುತ್ತಿದ್ದರು, ಹಣೆಗೆ ವಿಭೂತಿ, ಮಾತು ಮೆತ್ತಗೆ. ಅವರೂ ನನ್ನ ಹಾಗೇ ಬಲಕ್ಕೆ ಟಿಕ್ ಹಾಕುತ್ತಿದ್ದರು. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, ಪಾಪ ಮೇಡಂ, ಆ ಮಗು ನಮ್ಮನ್ನ ಎಷ್ಟು ಚೆನ್ನಾಗಿ ಮಾತಾಡಿಸುತ್ತೆ ಎಂದರು. ದಿನಕ್ಕೆ ನಲವತ್ತು ನಿಮಿಷ ನಡಿಗೆಯ ಹಂತಕ್ಕೆ ಬಂದ ಮೇಲೆ ಅವರು ಕಾಣಿಸಲಿಲ್ಲ. ಹಾಸಿಗೆ ಹಿಡಿದಿದ್ದಾರೆ ಎಂದು ಅವರ ಹೆಂಡತಿ ಫೋನ್ ಮಾಡಿದ್ದರಂತೆ. ಲ್ಯಾಪ್‌ಟಾಪಿನಲ್ಲಿ ಅವರ ಹೆಸರಿನ ಮುಂದೆ ‘ಬಿಡುವಿನ ಅಭಾವ’ ಎಂದಿತ್ತು. ಇದೇನೇ ಎಂದು ಕೇಳಿದೆ. ಯಾಕೆ ಬಿಟ್ಟರು ಎಂಬುದಕ್ಕೆ ಸಾಫ್ಟ್‌ವೇರಿನಲ್ಲಿ ಐದು ಕಾರಣ ಮಾತ್ರ ಇವೆ, ಚಿಕಿತ್ಸೆಯಿಂದ ಹೆಚ್ಚಾಯಿತು ಎನ್ನುವುದು ಆ ಐದರಲ್ಲಿ ಇಲ್ಲ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ ಎಂದಳು. ಹಾಸಿಗೆಯಲ್ಲಿ ಬಿದ್ದಿರುವ ಮನುಷ್ಯನಿಗೆ ಬಿಡುವಿಲ್ಲವಂತೆ.

ಇನ್ನೊಂದು ಸೊಗಸು ನಾಲ್ಕನೇ ತಿಂಗಳಲ್ಲಿ ಗೊತ್ತಾಯಿತು. ಫಾರಮ್ಮಿನ ಉತ್ತರಗಳಿಗೆ ಅಂಕ ಇತ್ತು, ಹೆಚ್ಚು ಬಂದಷ್ಟೂ ಆರೋಗ್ಯ. ಸೇರುವಾಗ ಇಷ್ಟಕ್ಕಿಂತ ಕಡಿಮೆ ಬಂದರೆ ನೀವು ರೋಗಿ ಎಂದು ಒಂದು ಗೆರೆ ಎಳೆದಿದ್ದರು. ಗುಣವಾದವರು ಯಾರು ಎನ್ನುವುದಕ್ಕೆ ಇನ್ನೊಂದು ಗೆರೆ, ತುಂಬಾ ಮೇಲೆ. ಅಲ್ಲಿಗೆ ಯಾರೂ ತಲುಪುವ ಹಾಗೆ ಕಾಣಲಿಲ್ಲ. ಮೀಟಿಂಗ್ ಆಯಿತು. ಎರಡನೇ ಗೆರೆಯನ್ನು ಕೆಳಗಿಳಿಸಿದರು. ಇಳಿಸುತ್ತಾ ಇಳಿಸುತ್ತಾ ಅದು ಮೊದಲನೆಯದಕ್ಕಿಂತಲೂ ಕೆಳಗೆ ಹೋಯಿತು. ಸೇರಿದ ದಿನದ ನನ್ನ ಅಂಕವನ್ನೇ ಹಿಡಿದು ನೋಡಿದರೆ ನಾನು ಅವತ್ತೇ ಗುಣವಾಗಿದ್ದೆ. ಒಂದು ಹೆಜ್ಜೆ ನಡೆಯದೆ ವಾಸಿಯಾದ ಏಕೈಕ ಕಾಯಿಲೆ ಜಗತ್ತಿನಲ್ಲಿ ನನ್ನದೇ ಇರಬೇಕು.

ನಾನೂ ಸಾಚಾ ಅಲ್ಲ. ಆಸ್ಪತ್ರೆಗೆ ಹೋಗುವ ಮುಂಚೆ ಮೂರು ದಿನ ಅಲುಗಾಡದೆ ಮಲಗಿ ಶಕ್ತಿ ಕೂಡಿಟ್ಟುಕೊಳ್ಳುತ್ತಿದ್ದೆ. ಹೋಗುವ ದಿನ ಇಸ್ತ್ರಿ ಸೀರೆ, ಹೂವು, ಸ್ವಲ್ಪ ಪೌಡರ್. ಡಾಕ್ಟರ ಎದುರು ಕೆದರಿದ ತಲೆಯಲ್ಲಿ ಕೂರುವುದು ನಮ್ಮ ಮನೆತನದಲ್ಲೇ ಇಲ್ಲ. ಅವರು ನೋಡುತ್ತಿದ್ದದ್ದು ಆ ಇಸ್ತ್ರಿ ಮಾಡಿದವಳನ್ನು. ಬಂದ ಮೇಲೆ ನಾಲ್ಕು ದಿನ ಕತ್ತಲೆ ಕೋಣೆಯಲ್ಲಿ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದಿರುವವಳನ್ನು ಯಾರೂ ನೋಡಲಿಲ್ಲ, ಕೇಳಲೂ ಇಲ್ಲ. ನಾಳಿದ್ದಿನದೇ ಕಾಯಿಲೆ, ನಾಳಿದ್ದಿಗೆ ಮಾತ್ರ ಫಾರಂ ಇಲ್ಲ.

ಕೊನೆಯ ದಿನ ಉದ್ದದ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದರು. ಶಿಷ್ಯೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಳು. ಹಲ್ಲು ಕಚ್ಚಿಕೊಂಡು ನಡೆದೆ, ಟೀಚರ್ ಅಲ್ಲವೇ. ಕೊನೆಯ ಫಾರಮ್ಮಿನಲ್ಲಿ ‘ತುಂಬಾ ಉತ್ತಮ’ಕ್ಕೆ ಟಿಕ್ ಹಾಕಿದೆ. ಫಾರಂ ಅವಳಿಗೆ, ಪತ್ರ ನನಗೆ, ಎರಡೂ ಬೇರೆ ಬೇರೆ ಎಂದು ನಾನು ಆರು ತಿಂಗಳೂ ಅಂದುಕೊಂಡಿದ್ದೆ. ನನ್ನ ಮೂರ್ಖತನಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ತಿಂಗಳಾದ ಮೇಲೆ ಫೋನ್ ಬಂತು. ಗುಣವಾದವರಿಗೆ ಸನ್ಮಾನ ಕಾರ್ಯಕ್ರಮವಂತೆ, ಪತ್ರವನ್ನು ಅಲ್ಲೇ ಕೊಡುತ್ತಾರಂತೆ. ಹಾಲ್ ಎರಡನೇ ಮಹಡಿಯಲ್ಲಿ, ಲಿಫ್ಟು ಅತಿಥಿಗಳಿಗೆ ಮೀಸಲು. ಮೆಟ್ಟಿಲ ಮೇಲೆ ಎರಡು ಕಡೆ ಕೂತು ಕೂತು ಹತ್ತಿದೆ. ವೇದಿಕೆಯಲ್ಲಿ ಶಾಲು ಹೊದಿಸಿದರು, ತಲೆಗೆ ಮೈಸೂರು ಪೇಟ ಇಟ್ಟರು, ಗಂಧದ ಹಾರ ಹಾಕಿದರು, ಎರಡು ಕೆಜಿಯ ಹಣ್ಣಿನ ಬುಟ್ಟಿಯನ್ನು ಕೈಗೆ ಕೊಟ್ಟು ಫೋಟೋಕ್ಕೆ ನಿಲ್ಲಿಸಿದರು. ಸುಸ್ತಿನ ರೋಗಿಗೆ ಬುಟ್ಟಿ ಹೊರಿಸುವುದು ಬಹುಶಃ ಚಿಕಿತ್ಸೆಯ ಕೊನೆಯ ಹಂತ. ಆಮೇಲೆ ಅನುಭವ ಕುರಿತು ಎರಡು ಮಾತು ಆಡಿ ಎಂದು ಮೈಕ್ ಕೊಟ್ಟರು.

ಪೇಟದ ಭಾರಕ್ಕೋ ಏನೋ ನನ್ನ ಪಿತ್ತ ನೆತ್ತಿಗೇರಿತ್ತು. ನನಗೆ ಗುಣವಾಗಿಲ್ಲ ಎಂದೆ. ದಾಕ್ಷಿಣ್ಯಕ್ಕೆ ಟಿಕ್ ಹಾಕಿದೆ, ತಪ್ಪು ನನ್ನದು, ಆದರೆ ಒಬ್ಬರಾದರೂ ನಡೆದು ಎರಡು ದಿನದ ಮೇಲೆ ಹೇಗಿದ್ದಿರಿ ಎಂದು ಕೇಳಬಹುದಿತ್ತು ಎಂದೆ. ಬಟ್ಟೆ ಅಂಗಡಿಯವರ ವಿಷಯ ಹೇಳಿದೆ. ನಾಳಿದ್ದು ನಮ್ಮನೆಗೆ ಬಂದು ನೋಡಿ ಎಂದೆ. ಡಾಕ್ಟರು ನಗುನಗುತ್ತಲೇ ಮೈಕ್ ತೆಗೆದುಕೊಂಡರು.

“ಆರು ತಿಂಗಳ ಹಿಂದೆ ಇವರಿಗೆ ಎರಡು ನಿಮಿಷ ನಿಲ್ಲಕ್ಕಾಗ್ತಿರ್ಲಿಲ್ಲ. ಇವತ್ತು ನಿಂತ್ಕೊಂಡು ನಮಗೇ ಕ್ಲಾಸ್ ತಗೊಂಡ್ರು. ಇದಕ್ಕಿಂತ ಏನ್ ಪ್ರೂಫ್ ಬೇಕು ಹೇಳಿ.”

ಚಪ್ಪಾಳೆಯೋ ಚಪ್ಪಾಳೆ. ಆಗ ನಾನು ಏನು ಮಾಡಿದೆ ಎಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಕೈಮುಗಿದು ನಕ್ಕೆ. ಲಕೋಟೆ ಕೊಟ್ಟರು. ಆಟೋದಲ್ಲಿ ಒಡೆದು ಓದಿದೆ. ಪೂರ್ಣ ಚೇತರಿಕೆ ಕಂಡಿದ್ದಾರೆ, ಪೂರ್ಣಾವಧಿ ಕೆಲಸಕ್ಕೆ ಯಾವ ಅಡ್ಡಿಯೂ ಇಲ್ಲ. ಪ್ರತಿಯನ್ನು ಸ್ಕೂಲಿಗೂ ಕಳಿಸಲಾಗಿದೆ. ಪೇಟ ಹಾಕಿಕೊಂಡಿದ್ದ ನನ್ನ ಫೋಟೋ ನಾನು ಮನೆ ಸೇರುವ ಮೊದಲೇ ಸ್ಟಾಫ್ ಗ್ರೂಪಿನಲ್ಲಿ ಬಂದಿತ್ತು, ಕೆಳಗೆ ಇಪ್ಪತ್ತು ಅಭಿನಂದನೆ. ಹೊಸ ಟೈಮ್‌ಟೇಬಲ್ಲೂ ಅದರ ಹಿಂದೆಯೇ ಬಂತು. ಮೂರನೇ ಮಹಡಿ, ಆರು ಪೀರಿಯಡ್.

ಮೂರನೇ ದಿನ ಮಧ್ಯಾಹ್ನ ಆ ಹುಡುಗಿ ಮನೆಗೆ ಬಂದಳು. ಅಷ್ಟು ಜನರಲ್ಲಿ ನನ್ನ ಮಾತು ಕೇಳಿ ಬಂದವಳು ಅವಳೊಬ್ಬಳೇ. ನಾನು ಕತ್ತಲೆ ಕೋಣೆಯಲ್ಲಿದ್ದೆ. ಎದ್ದು ಕಾಫಿ ಮಾಡಬೇಕು ಎಂದು ಮನಸ್ಸು ಒದ್ದಾಡಿತು, ಕುತ್ತಿಗೆ ಏಳಲಿಲ್ಲ. ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹಿಂದಿನಿಂದ ಅತ್ತೆ ಶುರು ಮಾಡಿದರು. ಹೀಗೇ ಕಣಮ್ಮ, ಆಸ್ಪತ್ರೆಗೆ ಹೋಗಿ ಬಂದ್ಲು ಅಂದ್ರೆ ಅಡುಗೆ ನನ್ನ ತಲೆಗೆ, ಬೇಕಿದ್ರೆ ತೋರಿಸ್ತೀನಿ ಎಂದು ತಮ್ಮ ಕೋಣೆಗೆ ಹೋಗಿ ಗೋಡೆ ಕ್ಯಾಲೆಂಡರುಗಳನ್ನು ತಂದರು. ಏಕಾದಶಿ, ಸಂಕಷ್ಟಿ ನೋಡುವ ಕ್ಯಾಲೆಂಡರು, ಎರಡು ವರ್ಷದ್ದು. ನಾನು ಏಳಲಾಗದೆ ಅವರೇ ಅಡುಗೆ ಮಾಡಬೇಕಾದ ಪ್ರತಿ ದಿನಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದರು. ನನ್ನ ಮೇಲೆ ದೂರು ಅದು. ಬರುವ ಗೌರಿ ಹಬ್ಬಕ್ಕೆ ತಮ್ಮ ಮಗಳು ಬಂದಾಗ ತೋರಿಸಲು ಇಟ್ಟುಕೊಂಡಿದ್ದಂತೆ. ನನಗೆ ಅದುವರೆಗೂ ಗೊತ್ತಿರಲಿಲ್ಲ.

ಹುಡುಗಿ ಬಾಗಿಲ ಬೆಳಕಿನಲ್ಲೇ ನೆಲದ ಮೇಲೆ ಕೂತಳು. ತನ್ನ ಡೈರಿ ತೆಗೆದು ನಾನು ಆಸ್ಪತ್ರೆಗೆ ಬಂದ ತಾರೀಕುಗಳನ್ನು ಒಂದೊಂದಾಗಿ ಓದುತ್ತಾ ಕ್ಯಾಲೆಂಡರಿನಲ್ಲಿ ಬೆರಳಿಟ್ಟಳು. ಪ್ರತಿ ತಾರೀಕಿನ ಹಿಂದೆ ಮೂರು ಸುತ್ತು, ಮುಂದೆ ನಾಲ್ಕು, ಐದು. ಕೊನೆಯ ತಿಂಗಳುಗಳಲ್ಲಿ ಸುತ್ತುಗಳು ಒಂದಕ್ಕೊಂದು ಸೇರಿಕೊಂಡು ಬಿಳಿ ಮನೆಗಳೇ ಕಡಿಮೆಯಾಗಿದ್ದವು. ಅವಳು ಡೈರಿ ಮುಚ್ಚಿದಳು. ಅತ್ತೆ ಕನ್ನಡಕ ಹಾಕಿಕೊಂಡು ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು. ದಿನಕ್ಕೊಂದು ಸುತ್ತು ಹಾಕಿದ್ದರೇ ಹೊರತು ಎಲ್ಲವನ್ನೂ ಒಟ್ಟಿಗೆ ಅವರೂ ನೋಡಿರಲಿಲ್ಲ.

“ಇಷ್ಟು ದಿನಾನೇನೇ?” ಎಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ.

ಹುಡುಗಿ ಫೋಟೋ ತೆಗೆದುಕೊಂಡು ಹೋಗಿ ಗೈಡಿಗೆ ತೋರಿಸಿದಳು. ಅತ್ತೆಯ ಕ್ಯಾಲೆಂಡರ್ ಮಾನ್ಯತೆ ಪಡೆದ ಅಳತೆಯಲ್ಲ, ಅದೂ ಅಲ್ಲದೆ ಅಧ್ಯಯನ ಮುಗಿದಿದೆ ಎಂದರಂತೆ ಅವರು. ಅವಳು ಫೋನಿನಲ್ಲಿ ಅತ್ತಳು. ಥೀಸಿಸ್ ಏನಾಗುತ್ತದೋ ಗೊತ್ತಿಲ್ಲ ಮಿಸ್, ಬಟ್ಟೆ ಅಂಗಡಿಯವರ ಮನೆಗೂ ಹೋಗಿ ಬರ್ತೀನಿ ಎಂದಳು. ಹೋಗಿ ಬಂದಳು ಕೂಡ.

ನಾನು ರಾಜೀನಾಮೆ ಬರೆದೆ. ಎರಡು ಸಾಲು ಬರೆಯಲು ಎರಡು ದಿನ ಹಿಡಿಯಿತು. ಅದನ್ನು ಅತ್ತೆಯೂ ಓದಿದರು. ಸೋಮವಾರ ನಾನು ಸ್ಕೂಲಿಗೆ ಹೊರಟಾಗ ಎರಡೂ ಕ್ಯಾಲೆಂಡರನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು, ಜೊತೆಗೊಂದು ಅಂಟಿಸಿದ ಕವರು. ನಿಮ್ಮ ಹೆಡ್‌ಮಿಸ್‌ಗೆ ಕೊಡು, ನೀನು ಓದಬೇಡ ಎಂದರು. ಏನು ದೂರು ಬರೆದಿದ್ದಾರೋ ಎಂದು ಆಟೋದಲ್ಲಿ ಪೂರ್ತಿ ದಾರಿ ಆ ಕವರನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆ.

ಹೆಡ್‌ಮಿಸ್ ರಾಜೀನಾಮೆಯನ್ನು ಪಕ್ಕಕ್ಕಿಟ್ಟು ಕ್ಯಾಲೆಂಡರುಗಳನ್ನು ಟೇಬಲ್ಲಿನ ಮೇಲೆ ಬಿಡಿಸಿದರು. ಅವರೂ ಮೂವತ್ತು ವರ್ಷ ತಮ್ಮ ಅತ್ತೆಯ ಜೊತೆ ಬಾಳಿದವರು. ಕೆಂಪು ಸುತ್ತು ಏನು ಎಂದು ನಾನು ಹೇಳಿ ಮುಗಿಸುವ ಮೊದಲೇ ಅವರಿಗೆ ಅರ್ಥವಾಯಿತು.

“ಸೊಸೆಗೆ ಅನುಕೂಲ ಆಗ್ಲಿ ಅಂತ ಯಾವ ಅತ್ತೆ ಸುಳ್ಳು ಬರೀತಾರೆ ಮೇಡಂ? ಆ ಡಾಕ್ಟ್ರ ಲೆಟರ್‌ಗಿಂತ ಇದು ಗಟ್ಟಿ. ಇದಕ್ಕೊಂದು ಸೈನ್ ಮಾಡಿದ್ ಕಾಗದ ಇದ್ರೆ ಮ್ಯಾನೇಜ್‌ಮೆಂಟ್ ಕಮಿಟಿ ಮುಂದೆ ನಾನಿಡ್ತೀನಿ.”

ಕವರು ಕೊಟ್ಟೆ. ಒಡೆದು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನಗೆ ಕೊಟ್ಟು, ಓದಿ, ಪರವಾಗಿಲ್ಲ ಎಂದರು. ರೂಲ್ ಹಾಳೆಯಲ್ಲಿ ದಪ್ಪ ದಪ್ಪ ಅಕ್ಷರ. ನನ್ನ ಸೊಸೆ ಸೋಮಾರಿ ಅಲ್ಲ. ಎಲ್ಲರಿಗೂ ನಾನೇ ಹಾಗೆ ಹೇಳಿಕೊಂಡು ಬಂದಿದ್ದೆ. ಅವಳಿಗೆ ಹುಷಾರಿಲ್ಲ, ಎರಡು ವರ್ಷದಿಂದ ನಾನೇ ಬರೆದಿಟ್ಟಿದ್ದೇನೆ, ನೋಡಿರಲಿಲ್ಲ. ಕೆಳಗೆ ಸಹಿ.

ಹೆಡ್‌ಮಿಸ್ ಅದನ್ನು ಫೈಲಿಗೆ ಹಾಕಲು ಕೈ ಚಾಚಿದರು. ಫೈಲಿಗೆ ಜೆರಾಕ್ಸ್ ಇಟ್ಟುಕೊಳ್ಳಿ ಮೇಡಂ, ಇದು ನನಗೆ ಬೇಕು ಎಂದೆ.